ಅಪ್ಪ ನನ್ನನ್ನು ‘ನೀವು’ ಅಂದ ಮೇಲೆ ಹೋದ ಓಪಿಡಿ: ಐದಕ್ಕೆ ನಾಲ್ಕು

ನಾನು ಬರೆಯುವ ರಿಪೋರ್ಟುಗಳೆಲ್ಲ ಲಿಫ್ಟಿನವು. ಯಾವ ಮಹಡಿಯಲ್ಲಿ ನಿಂತಿತು, ಎಷ್ಟು ಹೊತ್ತಿಗೆ, ಬಾಗಿಲು ತೆರೆದಿತ್ತೋ ಮುಚ್ಚಿತ್ತೋ, ಏನು ಬದಲಾಯಿಸಿದೆವು, ಗ್ರಾಹಕರ ಸಹಿ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಆಸ್ಪತ್ರೆಯ ಬಗ್ಗೆ ಬರೆಯಲು ಕೂತಿದ್ದು ಇದೇ ಮೊದಲು, ಇದೂ ಸರ್ವಿಸ್ ರಿಪೋರ್ಟಿನ ಹಾಗೆ ಬಂದರೆ ಸಹಿಸಿಕೊಳ್ಳಿ. ನರರೋಗ ಮತ್ತು ಮನೋರೋಗದ ವೈದ್ಯರು ಒಂದೇ ಕೋಣೆಯಲ್ಲಿ ಕೂತು ನೋಡುವ ಓಪಿಡಿ ಅದು, ವಾರಕ್ಕೆ ಎರಡು ದಿನ ಮಾತ್ರ. ಆಸ್ಪತ್ರೆಯ ಹೆಸರು ಹಾಕುವುದಿಲ್ಲ. ಹಾಕಿದರೆ ಅದಕ್ಕೂ ಮುಂಚೆ ಹೋಗಿದ್ದ ಕ್ಲಿನಿಕ್ಕಿನ ಹೆಸರನ್ನೂ ಹಾಕಬೇಕು ಅಂತ ಕೈ ಕಡಿಯುತ್ತದೆ, ಆ ರಗಳೆ ನನಗೆ ಬೇಡ.

ಅಪ್ಪನಿಗೆ 76. ಕಟ್ಟಡಗಳ ನಕ್ಷೆ ಬಿಡಿಸುವ ಡ್ರಾಫ್ಟ್ಸ್‌ಮನ್ ಆಗಿ ರಿಟೈರ್ ಆದವರು. ಕಂಪ್ಯೂಟರಿಗಿಂತ ಮುಂಚಿನ ಕಾಲದವರು. ಪೆನ್ಸಿಲ್ಲಿನ ಮೊನೆ ಒಂದು ಕೂದಲು ದಪ್ಪವಾದರೂ ಇನ್ನೊಮ್ಮೆ ಚೂಪು ಮಾಡಿಸಿಯೇ ಗೆರೆ ಎಳೆಯುತ್ತಿದ್ದವರು. ಅವರಿಗೆ ಮೊದಲು ಕಾಣಿಸಿದ್ದು ಮಕ್ಕಳು. ಸಂಜೆ ದೀಪ ಹಾಕುವ ಹೊತ್ತಿಗೆ ಮಂಚದ ಕಾಲುದೆಸೆಯಲ್ಲಿ ಇಬ್ಬರು ಮಕ್ಕಳು ಬಂದು ಕೂರುತ್ತಾರಂತೆ. ಮಾತಿಲ್ಲ, ಕತೆಯಿಲ್ಲ, ಸುಮ್ಮನೆ ಕೂತಿರುತ್ತಾರೆ. ಒಬ್ಬನದು ಹಳದಿ ಅಂಗಿ, ಗುಂಡಿ ಒಂದು ಬಿದ್ದುಹೋಗಿದೆ ಅನ್ನುವವರೆಗೂ ಹೇಳುತ್ತಿದ್ದರು. “ಕತ್ತಲಾಯ್ತಲ್ಲೇ, ಈ ಮಕ್ಕಳ ಮನೆಯವ್ರಿಗೆ ಕರ್ಕೊಂಡು ಹೋಗೋಕೆ ಹೇಳು” ಅಂತ ಅಮ್ಮನಿಗೆ ತಾಕೀತು. ನಾವು ನಕ್ಕೆವು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಆಮೇಲೆ ಸಂಶಯ ಹತ್ತಿಕೊಂಡಿತು. ಮಾತ್ರೆ ಡಬ್ಬಿಯಲ್ಲಿ ಯಾರೋ ಅದಲುಬದಲು ಮಾಡುತ್ತಿದ್ದಾರೆ. ಮೇಲಿನ ಮನೆಯವರು ನಮ್ಮ ವಿಷಯವನ್ನೇ ಪಿಸುಗುಡುತ್ತಾರೆ. ಬೀರುವಿನ ಕೀಲಿಕೈ ಅಮ್ಮನೇ ಬಚ್ಚಿಟ್ಟಿದ್ದಾಳೆ. ಒಂದು ಭಾನುವಾರ ನಾನು ಒಳಗೆ ಬಂದಾಗ ಅಪ್ಪ ಕುರ್ಚಿಯಿಂದ ಎದ್ದು ನಿಂತರು. “ಬನ್ನಿ, ಕೂತ್ಕೊಳ್ಳಿ. ನಮ್ಮ ಹುಡುಗ ಇನ್ನೂ ಬಂದಿಲ್ಲ, ಬರ್ತಾನೆ” ಅಂದರು. ಹುಟ್ಟಿದಾಗಿನಿಂದ ನನ್ನನ್ನು ‘ಲೋ’ ಅಂತಲೇ ಕರೆದ ಮನುಷ್ಯ. ಬೈದರೂ ಲೋ, ಮೆಚ್ಚಿದರೂ ಲೋ. ಆ ಬಹುವಚನ ಕೇಳಿ ನನ್ನ ಕಾಲಿನ ಬಲವೇ ಉಡುಗಿಹೋಯಿತು. “ಇವನೇ ರೀ ನಿಮ್ಮ ಮಗ” ಅಂತ ಅಮ್ಮ ಅಂದರೆ, ಅವರ ಕಿವಿಯ ಹತ್ತಿರ ಬಗ್ಗಿ, “ಹಂಗೇ ಇದಾರೆ ಕಣೆ, ಆದ್ರೆ ಅವನಲ್ಲ” ಅಂದರು.

ಮೊದಲು ಹೋದ ಕ್ಲಿನಿಕ್ಕಿನಲ್ಲಿ ನಮಗೆ ಸಿಕ್ಕಿದ್ದು ಏಳು ನಿಮಿಷ. ಗಡಿಯಾರ ನೋಡುವುದು ನನ್ನ ಕೆಲಸದ ಚಟ, ಅದಕ್ಕೇ ಗೊತ್ತು. “ಏನೇನೋ ಕಾಣುತ್ತಾ? ಸಂಶಯ ಇದೆಯಾ?” ಎರಡಕ್ಕೂ ಹೌದು ಅಂದೆವು. ಚೀಟಿಯಲ್ಲಿ ಸ್ಕಿಜೋಫ್ರೇನಿಯಾ ಅಂತ ಬಂತು, ಹ್ಯಾಲೋಪೆರಿಡಾಲ್ ಮಾತ್ರೆ ಬಂತು. ಈಗೇನು ತಗೊಳ್ತಿದ್ದಾರೆ ಅಂತ ಕೇಳಲಿಲ್ಲ, ರಾತ್ರಿ ನಿದ್ದೆ ಹೇಗೆ ಅಂತ ಕೇಳಲಿಲ್ಲ. ಮೂರನೇ ದಿನಕ್ಕೆ ಅಪ್ಪ ಮರದ ಹಲಗೆಯಂತಾದರು. ಕೈ ಮಡಚಿದರೆ ಹಲ್ಲುಗಾಲಿ ತಿರುಗಿಸಿದ ಹಾಗೆ ಕಟಕಟ ತಡೆಯುತ್ತಿತ್ತು. ನೀರು ಬಾಯಿಯಲ್ಲೇ ನಿಲ್ಲುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಐದನೇ ದಿನ ಜ್ವರ ಬಂತು, ರಾತ್ರಿಯಿಡೀ ಹಾಸಿಗೆಯ ಮೇಲೆ ಏನನ್ನೋ ಹೆಕ್ಕುತ್ತಾ ಇದ್ದರು. ನಮ್ಮ ಅಜ್ಜಿ ಇದ್ದಿದ್ದರೆ ‘ಸನ್ನಿ ಹಿಡಿದಿದೆ’ ಅನ್ನುತ್ತಿದ್ದರು. ಸರಿಯಾಗಿಯೇ ಅನ್ನುತ್ತಿದ್ದರು ಅಂತ ಆಮೇಲೆ ತಿಳಿಯಿತು.

ತುರ್ತು ವಿಭಾಗಕ್ಕೆ ಕರೆದುಕೊಂಡು ಹೋದಾಗ ರಾತ್ರಿ ಪಾಳಿಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಇದ್ದರು. ಚೀಟಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ಇವರಿಗೆ ಎಪ್ಪತ್ತೈದರವರೆಗೆ ಏನೂ ಇರಲಿಲ್ಲವಾ?” ಇರಲಿಲ್ಲ ಅಂದೆ. “ಹಾಗಿದ್ರೆ ಈ ಹೆಸರು ನಾನು ನಂಬಲ್ಲ” ಅಂತ ಹೇಳಿ ಹ್ಯಾಲೋಪೆರಿಡಾಲ್ ನಿಲ್ಲಿಸಿದರು, ಮೂತ್ರ ಪರೀಕ್ಷೆಗೆ ಕಳಿಸಿದರು. ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ಶುರುವಾಗುವುದು ಹದಿಹರೆಯದ ಕೊನೆಯಿಂದ ಮೂವತ್ತರ ಆಸುಪಾಸಿನಲ್ಲಿ. ಅರವತ್ತು ದಾಟಿದ ಮೇಲೂ ಅದನ್ನು ಹೋಲುವ ಕಾಯಿಲೆ ಬರುವುದುಂಟು. ಆದರೆ ಆ ವಯಸ್ಸಿನಲ್ಲಿ ಮೊದಲ ಸಲ ಯಾರಿಗೋ ಏನೋ ಕಂಡರೆ, ಅದರಲ್ಲೂ ಕೇಳಿಸುವುದಕ್ಕಿಂತ ಕಾಣಿಸುವುದೇ ಹೆಚ್ಚಿದ್ದರೆ, ಮೊದಲು ದೇಹದಲ್ಲಿ, ಮಿದುಳಿನಲ್ಲಿ, ಮಾತ್ರೆಯಲ್ಲಿ ಕಾರಣ ಹುಡುಕಬೇಕಂತೆ. ಮೂತ್ರದ ಸೋಂಕು ಸಿಕ್ಕಿತು. ಆರು ದಿನ ವಾರ್ಡಿನಲ್ಲಿದ್ದು, ಸನ್ನಿ ಇಳಿದ ಮೇಲೆ ನಾನು ಹೇಳಲು ಹೊರಟ ಓಪಿಡಿಗೆ ಚೀಟಿ ಬರೆದುಕೊಟ್ಟರು.

ಅಪಾಯಿಂಟ್‌ಮೆಂಟ್ ಕೊಡುವಾಗಲೇ ಕೌಂಟರಿನವರು ಒಂದು ಮಾತು ಹೇಳಿದ್ದರು: ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ತನ್ನಿ, ಚೀಟಿ ಬೇಡ, ಮಾತ್ರೆಗಳೇ ಬೇಕು, ನೆಗಡಿಗೆ ನುಂಗಿದ್ದೂ ಸೇರಿ. ಇಡೀ ಸೇವೆಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದೇ. ನರ್ಸ್ ಆ ಚೀಲವನ್ನು ಮೇಜಿನ ಮೇಲೆ ಸುರಿದರು. ಒಂದೊಂದೇ ಸ್ಟ್ರಿಪ್ ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದುತ್ತಾ ಎರಡು ಗುಡ್ಡೆ ಮಾಡಿದರು. ಎಡಗಡೆಯ ಗುಡ್ಡೆಗೆ ಬಿಪಿ ಮಾತ್ರೆ ಹೋಯಿತು. ಬಲಗಡೆಗೆ ಪದೇ ಪದೇ ಮೂತ್ರಕ್ಕೆ ಹೋಗುವುದನ್ನು ತಡೆಯುವ ಆಕ್ಸಿಬ್ಯುಟಿನಿನ್ ಹೋಯಿತು, ಕಾಲುರಿಗೆ ಯಾರೋ ಕೊಟ್ಟಿದ್ದ ಅಮಿಟ್ರಿಪ್ಟಿಲಿನ್ ಹೋಯಿತು, ಅಪ್ಪ ನೆಗಡಿ ಇಲ್ಲದಿದ್ದರೂ ರಾತ್ರಿ ನುಂಗುತ್ತಿದ್ದ ಕ್ಲೋರ್‌ಫೆನಿರಮಿನ್ ಹೋಯಿತು. “ಬಲಗಡೆ ಇರೋ ಈ ಮೂರೂ ಮಿದುಳಲ್ಲಿ ಒಂದೇ ರಾಸಾಯನಿಕವನ್ನ ತಡೀತವೆ” ಅಂದರು. ಅಸಿಟೈಲ್‌ಕೋಲಿನ್ ಅಂತ ಹೆಸರು, ಗಮನಕ್ಕೂ ನೆನಪಿಗೂ ಬೇಕಾದದ್ದು. ಮೂರು ಬೇರೆ ಬೇರೆ ಕಡೆ ಬರೆಸಿಕೊಂಡ ಮೂರು ಮಾತ್ರೆ, ಬಿಡಿಬಿಡಿಯಾಗಿ ನೋಡಿದರೆ ಯಾವುದೂ ತಪ್ಪಲ್ಲ. ಮೂರನ್ನೂ ಒಂದೇ ಮೇಜಿನ ಮೇಲೆ ಯಾರೂ ಇಟ್ಟು ನೋಡಿರಲಿಲ್ಲ, ಅಷ್ಟೇ.

ಮಾತ್ರೆಯಿಂದ ಮನಸ್ಸು ಕೆಡುವುದು ಅಪರೂಪವೇನಲ್ಲ ಅಂತ ಅಲ್ಲೇ ಕಲಿತೆ. ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ದಿನಕ್ಕೆ 40 ಮಿಲಿಗ್ರಾಂ ದಾಟಿದರೆ ಭ್ರಮೆ, ಉನ್ಮಾದದ ಅಪಾಯ ಏರುತ್ತಾ ಹೋಗುತ್ತದೆ. ಪಾರ್ಕಿನ್‌ಸನ್ ಕಾಯಿಲೆಗೆ ಕೊಡುವ ಲೆವೊಡೋಪ, ಪ್ರಾಮಿಪೆಕ್ಸೋಲ್ ಮಾತ್ರೆಗಳೇ ಕೆಲವು ಸಲ, ಅಲ್ಲಿಲ್ಲದ ಜನರನ್ನು ಕಾಣಿಸುತ್ತವೆ. ನಿಲ್ಲಿಸುವುದೂ ಅಷ್ಟೇ ಅಪಾಯ, ಇದನ್ನು ನಾನು ಸ್ವಂತ ತಪ್ಪಿನಿಂದ ಕಲಿತವನು. ಬಲಗಡೆಯ ಗುಡ್ಡೆಯನ್ನು ನೋಡಿ ಬಂದ ಹುರುಪಿನಲ್ಲಿ, ಅಪ್ಪ ಎಂಟು ವರ್ಷದಿಂದ ರಾತ್ರಿ ತಗೊಳ್ಳುತ್ತಿದ್ದ ಅಲ್ಪ್ರಜೋಲಾಮ್ ಅನ್ನೂ ಅವತ್ತೇ ಕಿತ್ತು ಎಸೆದೆ. ಅದನ್ನು ಬಿಡಿ ಅಂತ ಯಾರೂ ಹೇಳಿರಲಿಲ್ಲ. ಎರಡು ರಾತ್ರಿ ಅವರು ರೆಪ್ಪೆ ಮುಚ್ಚಲಿಲ್ಲ, ಕೈ ನಡುಗಿತು, ಇಬ್ಬರಿದ್ದ ಮಕ್ಕಳು ಏಳಾದರು. ಫೋನಿನಲ್ಲಿ ನರ್ಸ್ ಉಗಿದದ್ದು ನ್ಯಾಯವಾಗಿಯೇ ಇತ್ತು: “ನಿಮ್ ಲಿಫ್ಟನ್ನ ಮೇಲಿಂದ ಹಗ್ಗ ಕತ್ತರಿಸಿ ಇಳಿಸ್ತೀರಾ ಸಾರ್?” ನಿದ್ದೆ ಮಾತ್ರೆಯನ್ನು ತಿಂಗಳುಗಟ್ಟಲೆ ಹಿಡಿದು, ಚೂರುಚೂರಾಗಿ ಇಳಿಸಬೇಕು. ಕುಡಿತವೂ ಹಾಗೆಯೇ. ದಿನಾ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಎರಡರಿಂದ ನಾಲ್ಕನೇ ದಿನದೊಳಗೆ ಬರುವ ಸನ್ನಿ ಜೀವಕ್ಕೇ ಮುಳುವಾಗಬಹುದು. ಹುಳ ಹರಿದಂತೆ, ಯಾರೋ ಕೊಲ್ಲಲು ಬಂದಂತೆ ಅನ್ನಿಸುತ್ತದೆ. ‘ಬಿಟ್ಟಿದ್ದಾನಲ್ಲ, ಒಳ್ಳೆಯದೇ ಆಯ್ತು’ ಅಂತ ಮನೆಯವರು ಕಾಯುತ್ತಾ ಕೂರುವುದು ಅದೇ ದಿನಗಳಲ್ಲಿ.

ಮಾತುಕತೆಗೆ ಕೊಟ್ಟ ಸಮಯ ಮುಕ್ಕಾಲು ಗಂಟೆ. ಅಪ್ಪನ ಜತೆ ಒಬ್ಬರು, ಅಮ್ಮನ ಜತೆ ಇನ್ನೊಬ್ಬರು. ಅಮ್ಮನನ್ನು ಕೇಳಿದ ಪ್ರಶ್ನೆಗಳಲ್ಲಿ ಒಂದು: “ನಿದ್ದೆಯಲ್ಲಿ ಒದೀತಾರಾ?” ಅಮ್ಮ ನನ್ನ ಮುಖ ನೋಡಿದರು, ನೆಲ ನೋಡಿದರು. “ಹನ್ನೆರಡು ವರ್ಷ ಆಯ್ತು ಡಾಕ್ಟ್ರೇ, ನಾನು ಬೇರೆ ಮಂಚದಲ್ಲಿ ಮಲಗೋಕೆ ಶುರು ಮಾಡಿ. ಕೂಗ್ತಾರೆ, ಗುದ್ದುತಾರೆ. ಒಂದ್ಸಲ ನನ್ನ ಕೆನ್ನೆ ಊದಿತ್ತು, ಬಾಗಿಲು ಬಡೀತು ಅಂತ ಎಲ್ಲರಿಗೂ ಹೇಳಿದ್ದೆ.” ನನಗೂ ಹಾಗೇ ಹೇಳಿದ್ದರು. ಕನಸು ಕಾಣುವಾಗ ನಮ್ಮೆಲ್ಲರ ಕೈಕಾಲು ಸಡಿಲವಾಗಿ ಲಾಕ್ ಆಗಿರುತ್ತವೆ. ಆ ಲಾಕ್ ಹಿಡಿಯದಿದ್ದರೆ ಮನುಷ್ಯ ಕನಸನ್ನು ಎದ್ದವನಂತೆ ಆಡುತ್ತಾನೆ. ಕೆಲವರಲ್ಲಿ ಇದು, ಮುಂದೆ ವರ್ಷಗಳಾದ ಮೇಲೆ ಬರುವ ಲೂಯಿ ಬಾಡಿ ಮರೆವಿನ ಕಾಯಿಲೆಯ ಅಥವಾ ಪಾರ್ಕಿನ್‌ಸನ್ನಿನ ಮೊದಲ ಗುರುತು. ಹನ್ನೆರಡು ವರ್ಷ ಅಮ್ಮ ಮಾನ ಮುಚ್ಚಲು ಇಟ್ಟುಕೊಂಡ ಗುಟ್ಟು ಅಪ್ಪನ ಕಾಯಿಲೆಯ ಕೀಲಿಕೈ ಆಗಿತ್ತು. ಅಮ್ಮನನ್ನು ಪ್ರತ್ಯೇಕವಾಗಿ ಕೂರಿಸಿ ಕೇಳದಿದ್ದರೆ ಅದು ಹೊರಗೇ ಬರುತ್ತಿರಲಿಲ್ಲ. (ನನ್ನನ್ನೂ ಹೊರಗೆ ಕಳಿಸಬೇಕಿತ್ತು. ಕಳಿಸಲಿಲ್ಲ. ಅದು ಅವರ ತಪ್ಪು.)

ಆಮೇಲೆ ಅಪ್ಪನಿಗೆ ಒಂದು ಹಾಳೆ ಕೊಟ್ಟು ಗಡಿಯಾರ ಬಿಡಿಸಿ ಅಂದರು. ಅಪ್ಪನ ಮುಖ ಅರಳಿತು, ಪೆನ್ಸಿಲ್ಲಿನ ಮೊನೆ ಬೆರಳಲ್ಲಿ ಮುಟ್ಟಿ ನೋಡಿದರು. ವೃತ್ತ ಎಂಥ ಚಂದದ ವೃತ್ತ ಅಂದರೆ ಕಂಪಾಸಿನಲ್ಲಿ ಎಳೆದ ಹಾಗೆ. ಅಂಕಿಗಳನ್ನು ಬರೆಯಲು ಶುರು ಮಾಡಿದರು: ಹನ್ನೆರಡು, ಒಂದು, ಎರಡು... ಎಲ್ಲವೂ ಬಲಗಡೆಯ ಅರ್ಧದಲ್ಲೇ ಒತ್ತೊತ್ತಾಗಿ ಕೂತವು. ಎಡಗಡೆ ಖಾಲಿ. ಮುಳ್ಳುಗಳು ವೃತ್ತದ ಹೊರಗೆ ಹೋದವು. ನಲವತ್ತು ವರ್ಷ ಅಳತೆ ತಪ್ಪದ ಕೈ. ಅವರಿಗೂ ಏನೋ ತಪ್ಪಿದೆ ಅಂತ ಗೊತ್ತಾಯಿತು, ಎಲ್ಲಿ ಅಂತ ಗೊತ್ತಾಗಲಿಲ್ಲ. ಹಾಳೆಯನ್ನು ಓರೆ ಮಾಡಿ, ನೇರ ಮಾಡಿ ನೋಡಿದರು. ನರ್ಸ್ ಅವಸರ ಮಾಡಲಿಲ್ಲ, ‘ಪರವಾಗಿಲ್ಲ ತಾತ’ ಅಂತ ಸುಳ್ಳು ಸಮಾಧಾನವನ್ನೂ ಹೇಳಲಿಲ್ಲ. “ನಿಮ್ಮ ವೃತ್ತದ ಹಾಗೆ ಇಲ್ಲಿ ಯಾರೂ ಎಳೆದಿಲ್ಲ ಸಾರ್” ಅಂದರು. ಅದು ನಿಜವೂ ಆಗಿತ್ತು. ಎಲೆ, ಮೋಡ, ಬಂಡೆಗಳ ಚಿತ್ರ ತೋರಿಸಿ ಏನು ಕಾಣುತ್ತದೆ ಅಂತಲೂ ಕೇಳಿದರು. ಬರೀ ಎಲೆಯಿದ್ದ ಚಿತ್ರದಲ್ಲಿ ಅಪ್ಪ ಮೂರು ಮುಖ ತೋರಿಸಿದರು, ಬೆರಳಿಟ್ಟು. ಅವರು ತೋರಿಸಿದ ಮೇಲೆ ಒಂದು ನನಗೂ ಕಂಡಿತು, ಹೇಳಲಿಲ್ಲ.

ರಕ್ತದಲ್ಲಿ ಸೋಡಿಯಂ, ಕ್ಯಾಲ್ಸಿಯಂ, ಬಿ12, ಥೈರಾಯ್ಡ್, ಲಿವರ್, ಕಿಡ್ನಿ ಎಲ್ಲ ನೋಡಿದರು. ಸಿಫಿಲಿಸ್ ಮತ್ತು ಎಚ್‌ಐವಿ ಪರೀಕ್ಷೆಯೂ ಇತ್ತು, ಅಮ್ಮನಿಗೆ ಅದು ಸಿಟ್ಟು ತರಿಸಿತು. ಥೈರಾಯ್ಡ್ ಯಾಕೆ ಅಂತ ನಾನು ಕೇಳಿದ್ದಕ್ಕೆ, ಹಿರಿಯ ಡಾಕ್ಟರು 1949ರಲ್ಲಿ ರಿಚರ್ಡ್ ಆಶರ್ ಎಂಬ ಇಂಗ್ಲಿಷ್ ವೈದ್ಯ ಇಂಥ 14 ರೋಗಿಗಳ ಬಗ್ಗೆ ಬರೆದಿದ್ದನ್ನು ಹೇಳಿದರು. ಹುಚ್ಚು ಅಂದುಕೊಂಡಿದ್ದವರು, ಕೊರತೆಯಾಗಿದ್ದದ್ದು ಥೈರಾಯ್ಡ್. ಈ ಡಾಕ್ಟರಿಗೆ ಕತೆ ಹೇಳುವ ಚಟ ಇದೆ. ಸರತಿ ಮುಂದೆ ಸರಿಯದಿರಲು ಅದೂ ಒಂದು ಕಾರಣ, ಆದರೆ ನಾನು ದೂರು ಕೊಡುವವನಲ್ಲ. ಯಾಕಂದರೆ ಅವರು ಹೇಳಿದ ಇನ್ನೊಂದು ಕತೆ ನನ್ನಂಥ ಮೆಕ್ಯಾನಿಕ್‌ಗೆ ಹೇಳಿ ಮಾಡಿಸಿದ್ದು. ಅರ್ಜಿಯಲ್ಲಿ ‘ಮನೆಯಲ್ಲಿ ಗ್ಯಾಸ್ ಗೀಸರ್, ಇದ್ದಿಲ ಒಲೆ, ಹೀಟರ್ ಇದೆಯೇ? ಮನೆಯ ಬೇರೆಯವರಿಗೂ ತಲೆನೋವೇ?’ ಅಂತ ಒಂದು ಪ್ರಶ್ನೆ ಇತ್ತು. ಇದೇನು ಸ್ವಾಮಿ ಅಂದೆ. 1921ರಲ್ಲಿ ಅಮೆರಿಕದ ಕಣ್ಣಿನ ವೈದ್ಯ ವಿಲಿಯಂ ವಿಲ್ಮರ್ ಒಂದು ಕುಟುಂಬದ ವಿಷಯ ದಾಖಲಿಸಿದ್ದರಂತೆ. ಹಳೇ ಮನೆಗೆ ಬಂದ ಮೇಲೆ ಎಲ್ಲರಿಗೂ ಹೆಜ್ಜೆ ಸಪ್ಪಳ, ಯಾರೋ ನಿಂತ ಹಾಗೆ, ಎದೆಯ ಮೇಲೆ ಭಾರ. ದೆವ್ವದ ಮನೆ ಅಂತ ತೀರ್ಮಾನವಾಗಿತ್ತು. ನೋಡಿದರೆ ಮನೆ ಬೆಚ್ಚಗಿಡುವ ಕೆಳಗಿನ ಕುಲುಮೆ ಕೆಟ್ಟು ಹೊಗೆ ಒಳಗೇ ಸೇರುತ್ತಿತ್ತು, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ. ಕುಲುಮೆ ರಿಪೇರಿಯಾಯಿತು, ದೆವ್ವ ಹೋಯಿತು. ನಾನು ಆ ಕತೆಯನ್ನು ನಮ್ಮ ಕೆಲಸದ ಹುಡುಗರಿಗೆ ಈವರೆಗೆ ನಾಲ್ಕು ಸಲ ಹೇಳಿದ್ದೇನೆ. ಲಿಫ್ಟ್ ನಿಂತರೆ ಹೊಸಬರು ಮೊದಲು ಮೇನ್ ಬೋರ್ಡ್ ಬದಲಾಯಿಸಲು ಹೊರಡುತ್ತಾರೆ. ಬಹಳ ಸಲ ತಕರಾರು ಇರುವುದು ಯಾವುದೋ ಮಹಡಿಯ ಬಾಗಿಲ ಲಾಕಿನ ಕಾಂಟ್ಯಾಕ್ಟಿನಲ್ಲಿ, ಒಂದು ಚಿಟಿಕೆ ಧೂಳು.

ಕಾಯುವ ಕೋಣೆಯ ಬಗ್ಗೆ ಎರಡು ಮಾತು, ಯಾರ ಗುರುತೂ ಹತ್ತದ ಹಾಗೆ. ಮೂರು ತಾಸು ಕೂತರೆ ಎಲ್ಲರೂ ಎಲ್ಲವನ್ನೂ ಹೇಳಿಕೊಳ್ಳುತ್ತಾರೆ. ಕಣ್ಣಿನ ನಡುಭಾಗದ ದೃಷ್ಟಿ ಕಳೆದುಕೊಂಡಿದ್ದ ಒಬ್ಬ ಅಜ್ಜಿಗೆ ಟೋಪಿ ಹಾಕಿದ ಪುಟ್ಟ ಜನರ ಮೆರವಣಿಗೆ ಕಾಣುತ್ತಿತ್ತು. ಅವರ ಬುದ್ಧಿ ನನ್ನದಕ್ಕಿಂತ ಚುರುಕು. ಇಲ್ಲದ್ದು ಕಾಣುತ್ತಿದೆ ಅಂತ ಅವರಿಗೇ ಗೊತ್ತು, ಸೊಸೆಗೆ ಹೇಳಿದರೆ ಹುಚ್ಚಿ ಅಂದಾಳು ಅಂತ ಒಂದು ವರ್ಷ ಬಾಯಿ ಬಿಟ್ಟಿರಲಿಲ್ಲ. ಕಣ್ಣಿನಿಂದ ಸುದ್ದಿ ಬರದಿದ್ದಾಗ ಮಿದುಳು ತಾನೇ ಚಿತ್ರ ಹೊಲಿಯುತ್ತದೆ. ಜಿನೀವಾದ ಶಾರ್ಲ್ ಬೊನೆ ಇದನ್ನು 1760ರಲ್ಲೇ ತನ್ನ ಅಜ್ಜನ ವಿಷಯದಲ್ಲಿ ಬರೆದಿಟ್ಟಿದ್ದ. ಅಜ್ಜನಿಗೆ ಪೊರೆ ಬಂದಿತ್ತು, ತಲೆ ನೆಟ್ಟಗಿತ್ತು. ಈಗ ಈ ಸ್ಥಿತಿಗೆ ಬೊನೆಯ ಹೆಸರೇ ಇದೆ. ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗನಿಗೆ ಇದ್ದಕ್ಕಿದ್ದಂತೆ ಸುಟ್ಟ ರಬ್ಬರಿನ ವಾಸನೆ ಬರುತ್ತಿತ್ತು, ಅರ್ಧ ನಿಮಿಷ ಭೀಕರ ಭಯ, ಆಮೇಲೆ ಏನೂ ಇಲ್ಲ. ಅದು ಮಿದುಳಿನಲ್ಲಿ ಕಿವಿಯ ಪಕ್ಕದ ಭಾಗದ ಫಿಟ್ಸ್ ಇರಬಹುದು ಅಂತ, ಮಿದುಳಿನ ವಿದ್ಯುತ್ ಅಲೆ ನೋಡುವ ಇಇಜಿಯನ್ನು ಅವತ್ತೇ ಮಾಡಿಸಿದರು. ಇನ್ನೊಬ್ಬ ಮೂರು ರಾತ್ರಿ ನಿದ್ದೆಗೆಟ್ಟು, ಮೇಲೆ ಗಾಂಜಾ ಸೇದಿ, ತನ್ನ ಫೋನಿನೊಳಗೆ ಯಾರೋ ಕೂತಿದ್ದಾರೆ ಅಂತ ಅದನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದಿದ್ದ. ಕೆಲಸ ಕಳೆದುಕೊಂಡು ಖಿನ್ನತೆಗೆ ಬಿದ್ದ ಒಬ್ಬರಿಗೆ ತನ್ನ ಕರುಳು ಕೊಳೆತುಹೋಗಿದೆ ಅನ್ನುವ ದೃಢ ನಂಬಿಕೆ. ಖಿನ್ನತೆ ಆಳಕ್ಕಿಳಿದರೆ ಹಾಗೂ ಆಗುತ್ತದಂತೆ, ಕೇಳಿಸುವ ದನಿಗಳೂ ‘ನೀನು ಪಾಪಿ’ ಅಂತಲೇ ಹೇಳುತ್ತವೆ.

ಒಂದು ದಿನ ಹನ್ನೊಂದು ದಿನದ ಬಾಣಂತಿಯನ್ನು ಕರೆತಂದರು. ಮಗು ಅಜ್ಜಿಯ ಕೈಯಲ್ಲಿತ್ತು. ‘ಈ ಮಗು ನನ್ನದಲ್ಲ, ಬದಲಾಯಿಸಿದ್ದಾರೆ’ ಅಂತ ಆಕೆ ಮೆಲ್ಲಗೆ ಹೇಳುತ್ತಲೇ ಇದ್ದಳು. ಕೌಂಟರಿನ ಹುಡುಗಿ ಟೋಕನ್ ಕೇಳಲಿಲ್ಲ, ಎದ್ದು ಹೋಗಿ ಒಳಗಿನ ಬಾಗಿಲು ತಟ್ಟಿದಳು. ಎರಡು ನಿಮಿಷದಲ್ಲಿ ಒಳಗೆ ಕರೆದರು. ನಮ್ಮ ಸರತಿ ಒಂದು ತಾಸು ಹಿಂದೆ ಹೋಯಿತು, ಯಾರೂ ಗೊಣಗಲಿಲ್ಲ. ನಮ್ಮ ಭಾಷೆಯಲ್ಲಿ ಬಾಣಂತಿ ಸನ್ನಿ ಅನ್ನುವ ಪದ ಹಿಂದಿನಿಂದ ಇದೆ. ಸಾವಿರ ಹೆರಿಗೆಯಲ್ಲಿ ಒಂದೋ ಎರಡೋ, ಹೆಚ್ಚಾಗಿ ಮೊದಲ ಎರಡು ವಾರದಲ್ಲಿ. ಅದು ತುರ್ತು ಪರಿಸ್ಥಿತಿ, ತಾಯಿಗೂ ಮಗುವಿಗೂ. ಅದನ್ನು ವೈದ್ಯರಿಗಿಂತ ಮುಂಚೆ ಕೌಂಟರಿನ ಹುಡುಗಿಗೆ ಕಲಿಸಿದ್ದಾರಲ್ಲ, ಅದಕ್ಕೆ ನನ್ನ ಕಡೆಯಿಂದ ಅರ್ಧ ಸ್ಟಾರ್ ಹೆಚ್ಚು.

ಹೊಗಳಿದ್ದು ಸಾಕು, ತಕರಾರಿಗೆ ಬರುತ್ತೇನೆ. ಅವರು ಕೊಡುವ ಕರಪತ್ರ ನಿಷ್ಪ್ರಯೋಜಕ. ‘ಭ್ರಮೆಗೆ ಕಾರಣಗಳು’ ಅಂತ ಇಪ್ಪತ್ತೆರಡು ಹೆಸರು ಸಾಲಾಗಿ ಇಟ್ಟಿದ್ದಾರೆ, ಯಾವುದು ಸಾಮಾನ್ಯ, ಯಾವುದು ಅಪರೂಪ, ಯಾವುದಕ್ಕೆ ಇವತ್ತೇ ಓಡಬೇಕು ಅನ್ನುವುದಿಲ್ಲ. ಸ್ವಂತ ರೋಗನಿರೋಧಕ ಶಕ್ತಿಯೇ ಮಿದುಳಿನ ಮೇಲೆ ತಿರುಗಿಬೀಳುವ ಎನ್‌ಎಂಡಿಎ ಎನ್ಸೆಫಲೈಟಿಸ್ ಅದರಲ್ಲಿ ಹದಿನೇಳನೆಯದು, ಮೂರು ಪದದಲ್ಲಿ ಮುಗಿದಿದೆ. 2007ರಲ್ಲಿ ಅದರ ಪ್ರತಿಕಾಯ ಯಾವುದೆಂದು ಗೊತ್ತಾಗುವ ಮುಂಚೆ ಎಷ್ಟೋ ಹೆಣ್ಣುಮಕ್ಕಳು ಮನೋರೋಗದ ವಾರ್ಡಿನಲ್ಲೇ ಉಳಿದಿದ್ದರು ಅಂತ ಡಾಕ್ಟರೇ ಹೇಳಿದ್ದು. ಕೆಲವರಲ್ಲಿ ಅದರ ಮೂಲ ಅಂಡಾಶಯದ ಗೆಡ್ಡೆ, ಅದನ್ನು ತೆಗೆದು ಚಿಕಿತ್ಸೆ ಕೊಟ್ಟರೆ ಬಹಳ ಜನ ಹುಷಾರಾಗುವ ಕಾಯಿಲೆ. ಬಾಯಲ್ಲಿ ಇಷ್ಟು ಚೆನ್ನಾಗಿ ಹೇಳುವವರು ಕಾಗದದಲ್ಲಿ ಯಾಕೆ ಹೀಗೆ?

ಕರಪತ್ರದಲ್ಲಿ ದುಃಖದ ಮಾತೇ ಇಲ್ಲ, ಇದು ನನಗೆ ಹೆಚ್ಚು ಚುಚ್ಚಿತು. ನಮ್ಮ ಜತೆ ಬಂದಿದ್ದ ಚಿಕ್ಕಮ್ಮ ಅದನ್ನು ಓದಿ ಓದಿ ಬಿಳಿಚಿಕೊಂಡಿದ್ದರು. ಚಿಕ್ಕಪ್ಪ ಹೋಗಿ ಎಂಟು ತಿಂಗಳು. ಸಂಜೆ ಆರೂಮುಕ್ಕಾಲಿಗೆ ಬಾಗಿಲ ಹತ್ತಿರ ಅವರು ಚಪ್ಪಲಿ ಬಿಡುವ ಸದ್ದು ಚಿಕ್ಕಮ್ಮನಿಗೆ ಕೇಳುತ್ತದಂತೆ. ಯಾರಿಗೂ ಹೇಳಿರಲಿಲ್ಲ. ಇಪ್ಪತ್ತೆರಡರಲ್ಲಿ ತನ್ನದು ಯಾವುದು ಅಂತ ಹುಡುಕುತ್ತಿದ್ದರು. ಕೊನೆಗೆ ಒಳಗೆ ಬಂದು ತಾವೇ ಕೇಳಿದರು. ಡಾಕ್ಟರು ಪೆನ್ನು ಕೆಳಗಿಟ್ಟರು. ವೇಲ್ಸ್‌ನಲ್ಲಿ ಡೆವಿ ರೀಸ್ ಎಂಬ ವೈದ್ಯ ಸಂಗಾತಿಯನ್ನು ಕಳೆದುಕೊಂಡ 293 ಜನರನ್ನು ಕೇಳಿ 1971ರಲ್ಲಿ ಬರೆದಿದ್ದಾರೆ, ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಹೋದವರು ಪಕ್ಕದಲ್ಲಿದ್ದಂತೆ ಅನ್ನಿಸುವುದೋ, ಕಾಣುವುದೋ, ಕೇಳುವುದೋ ಇತ್ತು ಅಂದರು. “ಕೇಳಿದಾಗ ಭಯ ಆಗುತ್ತಾ ಅಮ್ಮಾ?” “ಇಲ್ಲ. ಕೇಳದೇ ಇರೋ ದಿನ ಬೇಜಾರಾಗುತ್ತೆ.” “ಹಾಗಾದ್ರೆ ಅದಕ್ಕೆ ಮಾತ್ರೆ ಇಲ್ಲ.” ಚಿಕ್ಕಮ್ಮ ಅಂದು ನಿದ್ದೆ ಮಾಡಿದರು ಅಂತ ಮಾರನೇ ದಿನ ಫೋನ್ ಮಾಡಿದರು. ಆ ಮೂರು ಸಾಲನ್ನು ಕರಪತ್ರದಲ್ಲಿ ಹಾಕಲು ಏನು ಅಡ್ಡಿ?

ಎರಡನೆಯ ತಕರಾರು ಫೋನ್. ಸಹಾಯವಾಣಿ ಸಂಜೆ ನಾಲ್ಕಕ್ಕೆ ಮುಚ್ಚುತ್ತದೆ. ಇಂಥ ಕಾಯಿಲೆಯವರಿಗೆ ಕಷ್ಟ ಶುರುವಾಗುವುದೇ ಬೆಳಕು ಇಳಿಯುವಾಗ. ಅಪ್ಪನ ಮಕ್ಕಳು ಆರಕ್ಕೆ ಮುಂಚೆ ಬಂದದ್ದೇ ಇಲ್ಲ.

ಕಾಯಿಲೆಗೆ ಅವರು ಕೊಟ್ಟ ಹೆಸರು ಲೂಯಿ ಬಾಡಿ ಡಿಮೆನ್ಷಿಯಾ. 1912ರಲ್ಲಿ ಫ್ರಿಟ್ಸ್ ಲೂಯಿ ಎಂಬ ಜರ್ಮನ್ ವೈದ್ಯ ಮಿದುಳಿನ ಜೀವಕೋಶಗಳಲ್ಲಿ ಕಂಡ ಸಣ್ಣ ಗಂಟುಗಳಿಂದ ಬಂದ ಹೆಸರು. ಅದರ ಮೇಲೆ ಮೂತ್ರದ ಸೋಂಕು ಮತ್ತು ಬಲಗಡೆಯ ಗುಡ್ಡೆ ಸೇರಿ ಸನ್ನಿ. ಅಪ್ಪ ನನ್ನನ್ನು ವೇಷ ಹಾಕಿದ ಪರಕೀಯ ಅಂದುಕೊಂಡದ್ದಕ್ಕೂ ಹೆಸರಿದೆ, 1923ರಲ್ಲಿ ಅದನ್ನು ವಿವರಿಸಿದ ಫ್ರಾನ್ಸಿನ ಜೋಸೆಫ್ ಕಾಪ್‌ಗ್ರಾನದು. ಮುಖದ ಗುರುತು ಹತ್ತುತ್ತದೆ, ಆ ಮುಖದ ಜತೆ ಬರಬೇಕಾದ ಆಪ್ತಭಾವ ಬರುವುದಿಲ್ಲ ಅನ್ನುವುದು ಅದಕ್ಕೆ ಹೆಚ್ಚಾಗಿ ಕೊಡುವ ವಿವರಣೆ. ಹಾಗಾದಾಗ ಮನಸ್ಸು ಇದ್ದುದರಲ್ಲಿ ತರ್ಕ ಹೂಡುತ್ತದೆ: ಹಂಗೇ ಇದಾರೆ, ಅವನಲ್ಲ. ಹ್ಯಾಲೋಪೆರಿಡಾಲ್, ಕೈಕಾಲು ಸಲೀಸಾಗಿ ಆಡಲು ಮಿದುಳಿಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕವನ್ನು ತಡೆಯುತ್ತದೆ, ಈ ಕಾಯಿಲೆಯಲ್ಲಿ ಅದು ಮೊದಲೇ ಕಡಿಮೆ, ಅದಕ್ಕೇ ಮೂರು ದಿನದಲ್ಲಿ ಅಪ್ಪ ಹಲಗೆಯಾದದ್ದು. ಅವರ ಕಡತದ ಮೇಲೆ ಕೆಂಪು ಅಕ್ಷರದಲ್ಲಿ ‘ಹ್ಯಾಲೋಪೆರಿಡಾಲ್ ಕೊಡಬಾರದು’ ಅಂತ ಬರೆದು, ಜೇಬಿನಲ್ಲಿಟ್ಟುಕೊಳ್ಳಲು ಅದೇ ಮಾತಿನ ಒಂದು ಕಾರ್ಡನ್ನೂ ಕೊಟ್ಟರು. ಒಳ್ಳೆಯ ಕೆಲಸ. ನಾವು ಕಂಟ್ರೋಲ್ ಪ್ಯಾನೆಲ್ಲಿನ ಬಾಗಿಲ ಒಳಗೆ ಅಂಟಿಸುವ ಚೀಟಿಯ ಹಾಗೆ.

ಈಗ ಮಿದುಳಲ್ಲಿ ಅದೇ ಅಸಿಟೈಲ್‌ಕೋಲಿನ್ ಉಳಿಸುವ ರಿವಾಸ್ಟಿಗ್ಮಿನ್ ಔಷಧದ ಪಟ್ಟಿ ಬೆನ್ನಿಗೆ ಅಂಟಿಸುತ್ತೇವೆ. ಅಪ್ಪನ ಕಿವಿಯನ್ನೂ ಶುಚಿ ಮಾಡಿಸಿದೆವು. ಅದರಿಂದ ತೆಗೆದ ಗುಗ್ಗೆ ನೋಡಿದರೆ ನಂಬುವುದು ಕಷ್ಟ, ಅದಾದ ಮೇಲೆ ಮೇಲಿನ ಮನೆಯವರ ಪಿಸುಮಾತು ಅರ್ಧಕ್ಕರ್ಧ ನಿಂತಿದೆ. ಅರ್ಧ ಕೇಳಿದ ಮಾತನ್ನು ಮನಸ್ಸು ತುಂಬಿಕೊಳ್ಳುವಾಗ ಒಳ್ಳೆಯದನ್ನು ತುಂಬಿಕೊಳ್ಳುವುದಿಲ್ಲ. ಗೂಟದ ಮೇಲಿನ ಅಂಗಿಗಳನ್ನು ಒಳಗಿಟ್ಟೆವು, ಸಂಜೆ ಐದಕ್ಕೇ ಎಲ್ಲ ದೀಪ ಹಾಕುತ್ತೇವೆ. ಮಕ್ಕಳು ಕಂಡರೆ ‘ಯಾರೂ ಇಲ್ಲ’ ಅಂತ ವಾದ ಮಾಡಬೇಡಿ, ‘ಹೌದು ಇದ್ದಾರೆ’ ಅಂತಲೂ ಅನ್ನಬೇಡಿ, ಭಯವಾಗುತ್ತಿದೆಯಾ ಅಂತ ಕೇಳಿ ಅಂತ ನರ್ಸ್ ಹೇಳಿಕೊಟ್ಟಿದ್ದಾರೆ. ಅಮ್ಮ ಇದನ್ನು ಎಷ್ಟು ಚೆನ್ನಾಗಿ ಕಲಿತಿದ್ದಾರೆಂದರೆ, ಈಗ ನನ್ನ ಸಿಟ್ಟಿಗೂ ಅದೇ ಪ್ರಶ್ನೆ ಕೇಳುತ್ತಾರೆ. ಕಾಯಿಲೆ ವಾಸಿಯಾಗುವಂಥದ್ದಲ್ಲ, ಅದನ್ನು ಮೊದಲ ದಿನವೇ ನಮ್ಮ ಮುಖಕ್ಕೇ ಹೇಳಿದರು. ಮಕ್ಕಳು ವಾರಕ್ಕೆ ಒಂದೋ ಎರಡೋ ಸಲ ಬರುತ್ತಾರೆ. ಅಪ್ಪ ಅವರನ್ನು ನೋಡಿ ಸುಮ್ಮನಿರುತ್ತಾರೆ.

ಕಿತ್ತುಕೊಂಡ ಒಂದು ಸ್ಟಾರ್ ಕರಪತ್ರಕ್ಕೂ ಅಲ್ಲ, ಫೋನಿಗೂ ಅಲ್ಲ. ಓಪಿಡಿ ಇರುವುದು ಎರಡನೇ ಮಹಡಿಯಲ್ಲಿ, ಅಲ್ಲಿ ಲಿಫ್ಟ್ ನೆಲಕ್ಕಿಂತ ಒಂದಿಂಚು ಕೆಳಗೆ ನಿಲ್ಲುತ್ತದೆ. ಬ್ರೇಕಿನ ಲೈನಿಂಗ್ ಸವೆದಿರಬೇಕು, ಇಲ್ಲವೇ ಲೆವೆಲಿಂಗ್ ಸರಿಯಿಲ್ಲ, ಒಂದು ಬೆಳಗಿನ ಕೆಲಸ. ಕಾಲು ಎತ್ತಿಡದೆ ತೆವಳಿಸಿ ನಡೆಯುವವರು ದಿನವಿಡೀ ಬರುವ ಜಾಗ. ಎರಡು ಸಲ ಬರೆದುಕೊಟ್ಟೆ, ಯಾರೂ ಕೈ ಹಾಕಿಲ್ಲ. ಮೂರನೇ ಭೇಟಿಯಲ್ಲಿ ಅಪ್ಪನ ಚಪ್ಪಲಿಯ ತುದಿ ಆ ಅಂಚಿಗೆ ಸಿಕ್ಕಿತು. ನಾನು ತೋಳು ಹಿಡಿದೆ, ಬೀಳಲಿಲ್ಲ. ಹೊರಗೆ ಬಂದು ನಿಂತರು. ಬಗ್ಗಿ ಆ ಸಂದನ್ನು ನೋಡಿದರು, ಹೆಬ್ಬೆರಳು ತೋರುಬೆರಳಿನ ನಡುವೆ ಅಳತೆ ಹಿಡಿದು ನನ್ನ ಮುಖದ ಮುಂದೆ ತಂದರು.

“ಲೋ, ಇಷ್ಟಿದೆ. ನೀನಿದ್ದೂ ಹಿಂಗಾ?”